ಹಾಜರಿ ಮೇಜು

ಖಲಂದರನ ಮಂಡಕ್ಕಿ ಭಟ್ಟಿಗೆ ಸೌದೆಯಾಗಿ ಬಂದಿತ್ತು,
ಮುಚ್ಚಿದ ಮಿಲ್ಲಿನ ಗುಜರಿ, ಕೆಜಿಗೆ ಆರು ರೂಪಾಯಿ.
ಮೂರೇ ಕಾಲು. ಡ್ರಾಯರಿನೊಳಗೆ ಇಲಿಯ ಹಿಕ್ಕೆ.
ಕೊಡಲಿ ಎತ್ತಿದವನು ಎರಡೇಟಿಗೆ ನಿಲ್ಲಿಸಿ
ನನಗೆ ಫೋನು ಮಾಡಿದ:
"ಸೀಳ್ತಾನೇ ಇಲ್ಲ ಮಾರಾಯ,
ಕೊಡಲೀನ ವಾಪಸ್ ಒಗೀತೈತಿ. ಬಂದು ನೋಡು."

ಬಂಬೂ ಬಜಾರಿನ ನನ್ನ ಅಂಗಡಿಗೆ
ಲಗೇಜ್ ಆಟೋದಲ್ಲಿ ಅಂಗಾತ ಮಲಗಿ ಬಂತು.
ಬೀಟೆ ಅಂದುಕೊಂಡೆ. ಅಷ್ಟು ಭಾರವಿಲ್ಲ.
ತೇಗಕ್ಕೆ ಕೈಗಂಟುವ ಜಿಡ್ಡಿರುತ್ತೆ, ಇದಕ್ಕಿಲ್ಲ.
ಹೊನ್ನೆಯಾದರೆ ನೀರಿಗೆ ಬಣ್ಣ ಬಿಡಬೇಕು;
ಒದ್ದೆ ಬಟ್ಟೆಗೆ ಬಂದದ್ದು ಬರೀ ಹತ್ತಿಯ ಧೂಳು.
ಮೊಳೆ ಕಿತ್ತಲ್ಲೆಲ್ಲ ನೀಲಿಗಪ್ಪು ಉಂಗುರ,
ಕಬ್ಬಿಣದ ಜೊತೆ ಹೊಂದಿಕೊಳ್ಳದ ಮರ.

ಮಾನಾಚಾರಿ ಇದ್ದಿದ್ದರೆ ಮೂಸಿಯೇ ಹೇಳುತ್ತಿದ್ದರು.
ಅವರು ಹೋಗಿ ಎಂಟು ವರ್ಷ. ಅವರ ಹತ್ತರಿ ನನ್ನ ಹತ್ತಿರ.
ಒಂದು ಮೂಲೆ ಕೊಯ್ದೆ.
ಗರಗಸ ಕಿರುಚಲಿಲ್ಲ, ಸಿಕ್ಕಿಕೊಳ್ಳಲಿಲ್ಲ.
ಹೊಟ್ಟು ಕಾಫಿಪುಡಿಯ ಬಣ್ಣ; ಮೂಗಿಗೆ ಒಗರು,
ಯಾವುದೋ ಹಸಿ ಕಾಯಿ ಸುಲಿದ ಹಾಗೆ.
ಆಗ ನೆನಪಾಯಿತು. ಯಾರದೋ ಹಳೇ ಕೋವಿಯ ಹಿಡಿ
ರಿಪೇರಿಗೆ ಬಂದಾಗ ಅವರಂದದ್ದು:
"ಅಕ್ರೋಟು ಕಣೋ ಇದು, ಚಳಿ ನಾಡಿಂದು.
ಗುಂಡಿನ ಒದೆತ ತಾನು ತಿಂದು
ಭುಜಕ್ಕೆ ಬರೀ ಸುದ್ದಿ ಮುಟ್ಟಿಸ್ತೈತಿ."

ಮೇಲ್ಹಲಗೆ ಮಾಸಿ ಜೇನಿನ ಬಣ್ಣಕ್ಕೆ ಬಂದಿತ್ತು.
ನಮ್ಮ ಮರಗಳು ಬೆಳಕು ಕುಡಿದು ಕಪ್ಪಾಗುತ್ತವೆ. ಇದು ಉಲ್ಟಾ.
ನಡುವೆ ಮಾತ್ರ ಒಂದು ಚೌಕ,
ಎರಡು ಗೇಣು ಉದ್ದ, ಒಂದೂವರೆ ಗೇಣು ಅಗಲ,
ಹೊಸದರಷ್ಟೇ ಕಪ್ಪು.

ಏನದೆಂದು ತಿಳಿಸಿದವನು ಕರಿಸಿದ್ದಪ್ಪ.
ಬೀಡಿಗೆ ಬೆಂಕಿ ಕೇಳಲು ಬಂದಿದ್ದ,
ಮೇಜು ಕಂಡದ್ದೇ ಬೀಡಿಯನ್ನು ಬೆನ್ನ ಹಿಂದೆ ಹಿಡಿದ.
"ಹಾಜರಿ ಪುಸ್ತಕದ ಜಾಗ ಅದು.
ಇಪ್ಪತ್ತಾರು ವರ್ಷ ಇದರ ಮುಂದ ನಿಂತೀನಿ.
ಮೇಲೆ ಕೈ ಇಡೋ ಹಂಗಿರಲಿಲ್ಲ,
ಗುಮಾಸ್ತ ರೂಲುದೊಣ್ಣೇಲಿ ಕುಟ್ತಿದ್ದ.
ಕಾರ್ಡಿಂಗ್ ಮಿಶಿನ್ನಿಗೆ ಬೆರಳು ಕೊಟ್ಟ ದಿನಾನೂ
ಅರ್ಧ ದಿನ ಅಂತ ಬರ್ಕೊಂಡ."

ಬಲಗೈಗೆ ಮೂರೇ ಬೆರಳು.
ಊರುಗೋಲು ಅಂದರೆ ಒಂದು ಪ್ಲಾಸ್ಟಿಕ್ ಪೈಪು,
ತುದಿಗೆ ಸೈಕಲ್ ಟ್ಯೂಬು ಸುತ್ತಿದ್ದು.
"ಈಗ ಇಡು ಕೈ" ಅಂದೆ.
ಬಹಳ ಹೊತ್ತು ಇಡಲಿಲ್ಲ.
ಇಟ್ಟ, ಚೌಕದ ಆಚೆ.

ನಾನು ಹತ್ತರಿ ತಳ್ಳಿದೆ.
ಮಾಸಿದ್ದೂ ಮಾಸದ್ದೂ ಒಂದೇ ಸುರುಳಿಯಾಗಿ ಎದ್ದು ಬಂತು.
ಕೆಳಗೆ ಆ ಕಡೆ, ಈ ಕಡೆ, ನಡುವೆ,
ಎಲ್ಲ ಒಂದೇ ಕಪ್ಪು.
ಇಪ್ಪತ್ತಾರು ವರ್ಷದ ಆ ಗೆರೆಗೆ
ಕಾಗದದಷ್ಟೂ ಆಳ ಇರಲಿಲ್ಲ.

ಅವನು ಸಿಪ್ಪೆ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದ.
ಏನೂ ಅನ್ನಲಿಲ್ಲ.

ಆ ಚೌಕವಿದ್ದ ಜಾಗದಿಂದಲೇ ತುಂಡು ತೆಗೆದೆ.
ಎಳೆ ಅಲೆಯಾಡಿದಲ್ಲಿ ಉಳಿ ತಿರುಗಿಸಿಕೊಂಡು,
ಇಲ್ಲದ ಎರಡು ಬೆರಳಿನ ಕಡೆ ಕೊಂಚ ಉಬ್ಬು ಬಿಟ್ಟು,
ಮೂರು ಸಲ ಕರೆಸಿ ಹಿಡಿಸಿ ನೋಡಿ, ಕೆತ್ತಿದೆ.
ಹಲಸಿನ ಹಾಗೆ ಹಟ ಮಾಡಲಿಲ್ಲ,
ಜಾಲಿಯ ಹಾಗೆ ಉಳಿಯ ಬಾಯಿ ಮುರಿಯಲಿಲ್ಲ.
ದಿನಕ್ಕೊಂದು ಕೈ ಅಗಸೆ ಎಣ್ಣೆ ತಿಕ್ಕಿದೆ;
ಮೂರನೇ ದಿನ ಒಳಗಿಂದ
ಕೆಂಪು ಬೆರೆತ ಹೊಗೆಯಂಥ ಗೆರೆಗಳೆದ್ದವು.
ಕೋಲು ಮಾತ್ರ ಎದುರು ಅಂಗಡಿಯ ಗಟ್ಟಿ ಬಿದಿರು.

ಕಾಂಕ್ರೀಟು ರಸ್ತೆಗೆ ನಾಲ್ಕು ಸಲ ಕುಟ್ಟಿದ.
"ಒದೆಯೋದಿಲ್ಲ ಇದು" ಅಂದ,
ಹೋದ, ಬೀಡಿಗೆ ಬೆಂಕಿ ಕೇಳುವುದನ್ನೂ ಮರೆತು.

ಹೊಟ್ಟನ್ನು ಖಲಂದರ ಚೀಲದಲ್ಲಿ ತುಂಬಿಸಿಕೊಂಡ.
ಬೆವರು, ಉಳಿಯ ಕಬ್ಬಿಣ, ಆ ಮರದ ಒಗರು ಸೇರಿ
ನನ್ನ ಹೆಬ್ಬೆರಳು ವಾರವಿಡೀ ಕಪ್ಪು.
ನಿಂಬೆಹಣ್ಣಿಗೂ ಹೋಗಲಿಲ್ಲ.
ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು,
"ಎಲ್ಲಿ ಹೆಬ್ಬೆಟ್ಟು ಒತ್ತಿ ಬಂದಿರಿ?"